ಹೆಸರಿಲ್ಲದ ತಟ್ಟೆಗಳು: ಫ್ರೀಫಾರ್ಮ್ ಹಾರ್ಡ್‌ಕೋರ್ ಸಂಗೀತದ ಹಿನ್ನೆಲೆ

ಸಂಗೀತ ಎಂದರೇನು ಎಂಬ ಪ್ರಶ್ನೆಗೆ ಲಕ್ಷಣಕಾರರು ಸಾವಿರಾರು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಬ್ರಿಟನ್ನಿನ ಸಂಸತ್ತು 1994ರಲ್ಲಿ ಅದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟಿತು. ಆ ವರ್ಷದ ನವೆಂಬರ್ 3ರಂದು ರಾಣಿಯ ಅಂಕಿತ ಪಡೆದ ಕ್ರಿಮಿನಲ್ ಜಸ್ಟೀಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 63ನೇ ಕಲಂ ಬಯಲಿನಲ್ಲಿ ರಾತ್ರಿ ಹೊತ್ತು ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಧ್ವನಿವರ್ಧಕದಲ್ಲಿ ಸಂಗೀತ ಹಾಕಿಕೊಂಡು ಊರವರಿಗೆ ತೊಂದರೆ ಕೊಡುವುದನ್ನು ನಿಲ್ಲಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಕುಣಿಸಲು ಹಾಕಿದ್ದು ಸಂಗೀತವೇ ಅಲ್ಲ, ಬರೀ ಸದ್ದು ಎಂದು ಯಾರಾದರೂ ನ್ಯಾಯಾಲಯದಲ್ಲಿ ತಪ್ಪಿಸಿಕೊಂಡರೆ? ಆ ದಾರಿಯನ್ನೂ ಮುಚ್ಚಲು, ಪೂರ್ತಿಯಾಗಿಯೋ ಬಹುಪಾಲೋ ಒಂದರ ಹಿಂದೊಂದು ಮರುಕಳಿಸುವ ಬಡಿತಗಳಿಂದಲೇ ಕೂಡಿದ ಸದ್ದು ಕೂಡ ಸಂಗೀತದಲ್ಲಿ ಸೇರುತ್ತದೆ ಎಂದು ಕಾಯ್ದೆಯಲ್ಲಿ ಬರೆದರು. ಮೈಕು ಇಟ್ಟು ಒನಕೆಯಲ್ಲಿ ಭತ್ತ ಕುಟ್ಟಿದರೂ ಈ ವ್ಯಾಖ್ಯಾನದೊಳಗೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕಾಯ್ದೆ ಇನ್ನೂ ಮಸೂದೆಯಾಗಿದ್ದಾಗಲೇ ಆಟೆಕರ್ ಎಂಬ ಇಂಗ್ಲಿಷ್ ಜೋಡಿ 'ಆಂಟಿ' ಎಂಬ ತಟ್ಟೆಯನ್ನು ತಂದಿತು. ಅದರ ಮೇಲೆ ಒಂದು ಚೀಟಿ ಅಂಟಿಸಿದ್ದರು. ಮೊದಲ ಎರಡು ರಚನೆಗಳಲ್ಲಿ ಮರುಕಳಿಸುವ ಬಡಿತಗಳಿವೆ, ಮಸೂದೆ ಕಾನೂನಾದರೆ ಅವನ್ನು ಬಳಸಬೇಡಿ. ಮೂರನೆಯದರಲ್ಲಿ ಯಾವ ಎರಡು ಆವರ್ತನೆಗಳೂ ಒಂದೇ ಥರ ಇಲ್ಲದ ಹಾಗೆ ಹೆಣೆದಿದ್ದೇವೆ, ಆದರೂ ಪೊಲೀಸರು ಬಂದರೆ ಎಂದು ಒಬ್ಬ ವಕೀಲನನ್ನೂ ಒಬ್ಬ ಸಂಗೀತಶಾಸ್ತ್ರಜ್ಞನನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ ಎಂಬುದು ಅದರ ಸಾರಾಂಶ. ಜಾಣ ತಮಾಷೆ, ಎಲ್ಲ ಚರಿತ್ರೆಗಳಲ್ಲೂ ಉಲ್ಲೇಖವಾಗುತ್ತದೆ. ಆದರೆ ಕಾಯ್ದೆ ಗುರಿಯಿಟ್ಟಿದ್ದು ಆಟೆಕರ್‌ನಂಥ ಪ್ರಯೋಗಶೀಲರ ಮೇಲಲ್ಲ. ಮರುಕಳಿಸುವ ಬಡಿತವೇ ಬೇಕು, ಅದೂ ಜೋರಾಗಿ, ಅದೂ ಬೆಳಗಿನ ತನಕ ಬೇಕು ಎಂದು ಕುಣಿಯುತ್ತಿದ್ದ ಹುಡುಗ ಹುಡುಗಿಯರ ಮೇಲೆ. ಅವರ ಸಂಗೀತಕ್ಕೆ ಹಾರ್ಡ್‌ಕೋರ್ ಎಂದು ಹೆಸರು. ಅದರ ಒಂದು ಸಣ್ಣ, ಬೇಗ ಮರೆತುಹೋದ, ಆದರೆ ಇಂದಿಗೂ ಉಸಿರಾಡುತ್ತಿರುವ ಕವಲು ಫ್ರೀಫಾರ್ಮ್ ಹಾರ್ಡ್‌ಕೋರ್. ಈ ಬರಹ ಆ ಕವಲಿನ ಬಗ್ಗೆ.

ಮೂಲ ಹುಡುಕಿಕೊಂಡು ಹೋದರೆ ಬ್ರಿಟನ್ ಮೊದಲು ಸಿಗುವುದಿಲ್ಲ, ಜಪಾನ್ ಸಿಗುತ್ತದೆ. ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬೆಳ್ಳಿ ಬಣ್ಣದ ಪುಟ್ಟ ಯಂತ್ರ 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಲ್ಲಿ ಬೇಸ್ ಗಿಟಾರ್ ನುಡಿಸುವ ಗೆಳೆಯನಿಲ್ಲದಿದ್ದರೆ ಈ ಯಂತ್ರ ಆ ಕೆಲಸ ಮಾಡಲಿ ಎಂಬುದು ತಯಾರಕರ ಉದ್ದೇಶ. ಅದರ ದನಿ ಬೇಸ್ ಗಿಟಾರಿನಂತೆ ಒಂದಿಷ್ಟೂ ಕೇಳುತ್ತಿರಲಿಲ್ಲ. ಸುಮಾರು ಹತ್ತು ಸಾವಿರ ಯಂತ್ರಗಳಾದ ಮೇಲೆ 1984ರಲ್ಲಿ ತಯಾರಿಕೆ ನಿಲ್ಲಿಸಿದರು. ಉಳಿದವು ಗಿರವಿ ಅಂಗಡಿಗಳಲ್ಲಿ ಮೂರು ಕಾಸಿಗೆ ಮಾರಾಟವಾದವು. ಶಿಕಾಗೋದ ಫ್ಯೂಚರ್ ಎಂಬ ಮೂವರು ಹುಡುಗರ ಗುಂಪು ಅಂಥದ್ದೊಂದನ್ನು ಕೊಂಡು, ಅದರ ತಿರುಪುಗಳನ್ನು ಯದ್ವಾತದ್ವಾ ತಿರುಗಿಸಿ, ದನಿ ಕಿರುಚುತ್ತ ಹೊರಳಾಡುವ ಹಾಗೆ ಮಾಡಿತು. ಅದನ್ನು ರಾನ್ ಹಾರ್ಡಿ ಎಂಬ ಡಿಜೆ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ನುಡಿಸಿದ. ತಟ್ಟೆ ಅಚ್ಚಾಗುವ ಮೊದಲೇ ಕ್ಯಾಸೆಟ್ಟುಗಳಲ್ಲಿ ಊರೆಲ್ಲ ಹರಡಿತು. ಜನ ಅದಕ್ಕೆ ತಾವೇ ಹೆಸರಿಟ್ಟರು, ಹಾರ್ಡಿಯ ಆಸಿಡ್ ಟ್ರ್ಯಾಕ್ ಎಂದು. 1987ರಲ್ಲಿ ಅಧಿಕೃತವಾಗಿ ಬಿಡುಗಡೆಯಾದಾಗ ಅದು 'ಆಸಿಡ್ ಟ್ರ್ಯಾಕ್ಸ್' ಆಯಿತು. ರಚನೆ ಮೊದಲು ಡಿಜೆಯ ಕೈಯಲ್ಲಿ ಹುಟ್ಟುತ್ತದೆ, ಹೆಸರು ಕೇಳುಗರಿಂದ ಬರುತ್ತದೆ, ತಟ್ಟೆ ಕೊನೆಗೆ ಬಂದರೆ ಬಂತು. ಮುಂದೆ ಫ್ರೀಫಾರ್ಮ್‌ನಲ್ಲಿ ಇದೇ ಕ್ರಮವನ್ನು ನೋಡುತ್ತೇವೆ.

ಇಲ್ಲಿ ನಮ್ಮ ದೇಶದ ಒಂದು ಉಪಕಥೆ ಇದೆ. ಮುಂಬೈಯಲ್ಲಿ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ಇದೇ ಟಿಬಿ-303 ಮತ್ತು ಅದರ ಜೊತೆಯ ಟಿಆರ್-808 ತಾಳಯಂತ್ರವನ್ನು ಬಳಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ತಂದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಮತ್ತೆ ಅಚ್ಚಾದಾಗ ಆಸಿಡ್ ಹೌಸ್ ಹುಟ್ಟಿದ್ದು ಶಿಕಾಗೋದಲ್ಲಲ್ಲ, ಮುಂಬೈಯಲ್ಲಿ ಎಂದು ಪತ್ರಿಕೆಗಳು ಕೂಗಿದವು. ಹೆಮ್ಮೆ ಪಡುವುದಕ್ಕೆ ಅಡ್ಡಿಯಿಲ್ಲ. ಆದರೆ ಶಿಕಾಗೋದ ಹುಡುಗರು ಆ ತಟ್ಟೆಯನ್ನು ಕೇಳಿರಲಿಲ್ಲ. ಕೇಳದೆ ಇದ್ದದ್ದು ಪೂರ್ವಜ ಆಗುವುದು ಹೇಗೆ? ಚರಿತ್ರೆಯಲ್ಲಿ ಮೊದಲು ಮಾಡಿದ್ದಕ್ಕಿಂತ ಮೊದಲು ಕೇಳಿಸಿದ್ದು ಹೆಚ್ಚು ತೂಗುತ್ತದೆ. ಸಿಂಗ್ ಅವರು 2015ರಲ್ಲಿ ತೀರಿಕೊಳ್ಳುವ ಮೊದಲು ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸುವಂತಾಯಿತು ಎನ್ನುವುದೇ ಆ ಕತೆಯ ನಿಜವಾದ ಸಂತೋಷ.

ಬ್ರಿಟನ್ನಿಗೆ ಬರೋಣ. 1987ರ ಬೇಸಿಗೆಯಲ್ಲಿ ಇಬಿಜಾ ದ್ವೀಪಕ್ಕೆ ರಜೆಗೆ ಹೋದ ಲಂಡನ್ನಿನ ಕೆಲವು ಡಿಜೆಗಳು ಅಲ್ಲಿಂದ ಒಂದು ಬಗೆಯ ರಾತ್ರಿಯನ್ನು ಹೊತ್ತು ತಂದರು. ಡ್ಯಾನಿ ರ‍್ಯಾಂಪ್ಲಿಂಗ್ ಒಂದು ವ್ಯಾಯಾಮಶಾಲೆಯಲ್ಲಿ ಶೂಮ್ ಎಂಬ ಕ್ಲಬ್ ಶುರು ಮಾಡಿದ. 1988ರ ಹೊತ್ತಿಗೆ ಅದು ಲಂಡನ್ನಿನ ಹೊರವರ್ತುಲ ರಸ್ತೆಯಾದ ಎಂ25ರ ಆಚೆಗಿನ ಗೋದಾಮು, ವಿಮಾನಗಳ ಹ್ಯಾಂಗರು, ಹೊಲಗಳಿಗೆ ಹಬ್ಬಿತು. ಎಲ್ಲಿ ಎಂದು ಕೊನೆ ಗಳಿಗೆವರೆಗೂ ಗುಟ್ಟು. ಒಂದು ಫೋನ್ ನಂಬರಿಗೆ ಕರೆ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿ ದಾರಿ ಹೇಳುತ್ತಿತ್ತು. ಸರಕಾರ 1990ರಲ್ಲಿ ಪರವಾನಗಿ ಇಲ್ಲದ ಕೂಟಕ್ಕೆ 20,000 ಪೌಂಡ್ ದಂಡ, ಆರು ತಿಂಗಳ ಜೈಲು ಎಂದು ಕಾನೂನು ಮಾಡಿತು. ಹೀಗಾಗಿ ಕೂಟಗಳಲ್ಲಿ ಎರಡು ಬಗೆಯಾದವು: ಪರವಾನಗಿ ಪಡೆದು ಟಿಕೆಟ್ ಮಾರುವ ದೊಡ್ಡ ರೇವ್‌ಗಳು, ಮತ್ತು ಯಾರಿಗೂ ಕೇಳದೆ ಬಯಲಲ್ಲಿ ಧ್ವನಿವರ್ಧಕ ಇಳಿಸುವ ಉಚಿತ ಕೂಟಗಳು. ಎರಡನೆಯದರ ಶಿಖರ 1992ರ ಮೇ ಕೊನೆಯ ವಾರ ವುಸ್ಟರ್‌ಶೈರ್‌ನ ಕ್ಯಾಸಲ್‌ಮಾರ್ಟನ್ ಗೋಮಾಳದಲ್ಲಿ ನಡೆದದ್ದು. ಒಂದು ವಾರ ನಡೆದ ಆ ಜಾತ್ರೆಗೆ ಬಂದವರು 20,000ಕ್ಕೂ ಹೆಚ್ಚು. ಸ್ಪೈರಲ್ ಟ್ರೈಬ್ ಎಂಬ ಗುಂಪಿನ 13 ಜನರ ಮೇಲೆ ಮೊಕದ್ದಮೆ ಹೂಡಿದರು. ಬಹಳ ಖರ್ಚಿನ ಆ ವಿಚಾರಣೆಯ ಕೊನೆಗೆ ಅವರು ಖುಲಾಸೆಯಾದರು. 1994ರ ಕಾಯ್ದೆ ಹುಟ್ಟಲು ಮುಖ್ಯ ಕಾರಣ ಕ್ಯಾಸಲ್‌ಮಾರ್ಟನ್.

ಆ ಹೊತ್ತಿಗೆ ಸಂಗೀತವೂ ಬದಲಾಗಿತ್ತು. ಶಿಕಾಗೋದ ನೇರ ನಾಲ್ಕು ಬಡಿತದ ಜಾಗದಲ್ಲಿ ಲಂಡನ್ ಮತ್ತು ಎಸೆಕ್ಸ್‌ನ ಹುಡುಗರು ಹಳೆಯ ಫಂಕ್ ತಟ್ಟೆಗಳ ಮುರಿದ ತಾಳಗಳನ್ನು ಕತ್ತರಿಸಿ ಅಂಟಿಸತೊಡಗಿದರು. ವಾಷಿಂಗ್ಟನ್ನಿನ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್ ಬ್ರದರ್' ತಟ್ಟೆಯಲ್ಲಿ ಡ್ರಮ್ಮು ಮಾತ್ರ ನುಡಿಯುವ ನಾಲ್ಕು ಆವರ್ತನೆಗಳಿವೆ, ಏಳು ಸೆಕೆಂಡಿನಷ್ಟು. ಆ ಏಳು ಸೆಕೆಂಡುಗಳನ್ನು ಸಾವಿರಾರು ರಚನೆಗಳಲ್ಲಿ ಬಳಸಿದ್ದಾರೆ. ಅದನ್ನು ಬಾರಿಸಿದ ಗ್ರೆಗರಿ ಕೋಲ್ಮನ್‌ಗೆ ಒಂದು ಪೈಸೆ ಬರಲಿಲ್ಲ. 2006ರಲ್ಲಿ ಅವನು ಮನೆಯಿಲ್ಲದವನಾಗಿ ಸತ್ತ. ಕುಣಿತದ ಸಂಗೀತದ ಸಂಭ್ರಮದ ಬಗ್ಗೆ ಬರೆಯುವವರು ಈ ಸಾಲವನ್ನು ಮರೆಯಬಾರದು.

ಕತ್ತರಿಸುವ ಉಪಕರಣ ಸ್ಯಾಂಪ್ಲರ್. ಹಾರ್ಡ್‌ಕೋರ್‌ನ ರುಚಿಯನ್ನು ತೀರ್ಮಾನಿಸಿದ್ದು ಅದರ ಒಂದು ಮಿತಿ. ಆಗಿನ ಅಗ್ಗದ ಬಳಕೆಯಲ್ಲಿ ಒಂದು ತುಣುಕಿನ ವೇಗ ಹೆಚ್ಚಿಸಿದರೆ ಅದರ ಶ್ರುತಿಯೂ ಏರುತ್ತಿತ್ತು. ಅಂದರೆ ಯಾವುದೋ ಅಮೆರಿಕನ್ ಗಾಯಕಿಯ ಗಂಭೀರ ಕಂಠವನ್ನು ನಿಮಿಷಕ್ಕೆ 120 ಬಡಿತದಿಂದ 160ಕ್ಕೆ ಏರಿಸಿದರೆ ಅದು ಅಳಿಲಿನ ಮರಿ ಹಾಡಿದಂತೆ ಕೇಳುತ್ತದೆ. ವಿಮರ್ಶಕರು ನಕ್ಕರು. ಕುಣಿಯುವವರಿಗೆ ಅದೇ ಇಷ್ಟವಾಯಿತು. 1991ರಲ್ಲಿ ಪ್ರಾಡಿಜಿ ತಂಡದ 'ಚಾರ್ಲಿ' ಬ್ರಿಟಿಷ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೂ, ಮರುವರ್ಷ ಎಸ್‌ಎಲ್2 ತಂಡದ 'ಆನ್ ಅ ರಾಗಾ ಟಿಪ್' 2ನೇ ಸ್ಥಾನಕ್ಕೂ ಏರಿದವು. 'ಚಾರ್ಲಿ'ಯಲ್ಲಿ ಮಕ್ಕಳಿಗೆ ಎಚ್ಚರಿಕೆ ಹೇಳುವ ಒಂದು ಸರಕಾರಿ ಕಿರುಚಿತ್ರದ ಬೆಕ್ಕಿನ ದನಿ ಇತ್ತು. ರೇವ್ ಸಂಗೀತವನ್ನು ಕೊಂದದ್ದು ಇದೇನಾ ಎಂದು ಮಿಕ್ಸ್‌ಮ್ಯಾಗ್ ಪತ್ರಿಕೆ 1992ರಲ್ಲಿ ಕೇಳಿತು.

ಕೊಲೆಯಾಗಲಿಲ್ಲ, ಪಾಲಾಯಿತು. 1993ರ ಸುಮಾರಿಗೆ ಒಂದು ಭಾಗ ಪಿಯಾನೊ, ಗಾಯಕಿಯರ ಕಂಠ ಎಲ್ಲ ಬಿಟ್ಟು ಕತ್ತಲೆಗೆ ಇಳಿದು, ಜಮೈಕಾದ ಮಂದ್ರ ಬೇಸ್ ಸೇರಿಸಿಕೊಂಡು ಜಂಗಲ್ ಆಯಿತು, ಆಮೇಲೆ ಡ್ರಮ್ ಅಂಡ್ ಬೇಸ್. ಇನ್ನೊಂದು ಭಾಗ ಪಿಯಾನೊವನ್ನು ಬಿಡಲೊಲ್ಲದೆ, ಸ್ಕಾಟ್ಲೆಂಡಿನ ಬೌನ್ಸಿ ಟೆಕ್ನೋ, ನೆದರ್ಲೆಂಡ್ಸ್‌ನ ಗ್ಯಾಬರ್ ಇವುಗಳ ನೇರ ಗುದ್ದನ್ನು ಸೇರಿಸಿಕೊಂಡು ಇನ್ನೂ ವೇಗವಾಗಿ ಹ್ಯಾಪಿ ಹಾರ್ಡ್‌ಕೋರ್ ಆಯಿತು. ಎಸ್‌ಎಲ್2ನ ಸ್ಲಿಪ್‌ಮ್ಯಾಟ್ ಈ ಎರಡನೆಯ ಕಡೆ ನಿಂತ. ವಿಮರ್ಶಕರು ಮೊದಲನೆಯ ಕಡೆ ನಿಂತರು. ಸೈಮನ್ ರೆನಾಲ್ಡ್ಸ್ ಹಾರ್ಡ್‌ಕೋರ್‌ನಿಂದ ಜಂಗಲ್‌ಗೆ, ಅಲ್ಲಿಂದ ಗರಾಜ್‌ಗೆ ಹರಿಯುವ ಒಂದು ಉದ್ದನೆಯ ಪರಂಪರೆಯ ಕಲ್ಪನೆ ಕೊಟ್ಟರು; ಅದು ಬೆಲೆಯುಳ್ಳ ಚಿಂತನೆ. ಆದರೆ ಅದನ್ನು ಮುಂದೆ ಬಳಸಿದವರ ಕೈಯಲ್ಲಿ ಹ್ಯಾಪಿ ಹಾರ್ಡ್‌ಕೋರ್ ಬೆಳವಣಿಗೆ ಒಪ್ಪದ ತಮ್ಮನಂತೆ ಒಂದು ಮೂಲೆಯಲ್ಲೇ ಉಳಿಯಿತು. ಜಂಗಲ್‌ನಲ್ಲಿ ಬುದ್ಧಿ ಇದೆ, ಹ್ಯಾಪಿಯಲ್ಲಿ ಬರೀ ಸಕ್ಕರೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಬಗೆಯ ಶ್ರೇಣೀಕರಣ ಹೊಸದಲ್ಲ. ನವ್ಯ ವಿಮರ್ಶೆ ಜನಪ್ರಿಯ ಕಾದಂಬರಿಗಳನ್ನು ಕಪಾಟಿನ ಯಾವ ತಟ್ಟಿನಲ್ಲಿ ಇಟ್ಟಿತ್ತೆಂದು ನೆನಪಿಸಿಕೊಂಡರೆ ಸಾಕು.

ಸಕ್ಕರೆ ಎನ್ನುವುದು ಸುಳ್ಳಲ್ಲ. ಇದರ ಹಿಂದಿದ್ದ ಮಾದಕವಸ್ತುವಿನ ಮಾತನ್ನೂ ಮರೆಮಾಚುವಂತಿಲ್ಲ. ಸ್ಕಾಟ್ಲೆಂಡಿನ ಏರ್ ಪಟ್ಟಣದ ಹ್ಯಾಂಗರ್ 13 ಎಂಬ ಕ್ಲಬ್ಬಿಗೆ ಹೋಗಿದ್ದ ಮೂವರು ತರುಣರು 1994ರಲ್ಲಿ ಎಕ್ಸ್‌ಟಸಿ ಸೇವಿಸಿ ಸತ್ತರು. ವಿಚಾರಣೆ ನಡೆಯಿತು, ಕ್ಲಬ್ ಮುಚ್ಚಿತು. ಬಿಸಿ ಕೋಣೆ, ಗಂಟೆಗಟ್ಟಲೆ ಕುಣಿತ, ಮೈ ತಣಿಯಲು ಜಾಗವಿಲ್ಲ. ಗುಳಿಗೆಯಷ್ಟೇ ಇವೂ ಕೊಲ್ಲುತ್ತವೆ ಎನ್ನುವುದು ಆ ವರ್ಷಗಳಲ್ಲಿ ನಿಧಾನವಾಗಿ ಎಲ್ಲರಿಗೂ ತಿಳಿಯಿತು. 1990ರ ದಶಕದ ಹಾರ್ಡ್‌ಕೋರ್ ನೆನಪುಗಳನ್ನು ಬರೀ ನಗುಮುಖದ ಹಳದಿ ಚಿತ್ರವಾಗಿ ಮಾರುವವರು ಈ ಮೂವರನ್ನು ಪಟ್ಟಿಗೆ ಸೇರಿಸುವುದಿಲ್ಲ.

1996ರಲ್ಲಿ ರಿಯಾಕ್ಟ್ ಕಂಪನಿ 'ಬಾಂಕರ್ಸ್' ಎಂಬ ಸಿಡಿ ಸರಣಿಯ ಮೊದಲ ಸಂಪುಟ ತಂದಿತು. ಹಿಕ್ಸಿ ಮತ್ತು ಶಾರ್ಕಿ ಎಂಬ ಇಬ್ಬರು ಡಿಜೆಗಳು, ಒಬ್ಬೊಬ್ಬರದು ಒಂದೊಂದು ಮಿಕ್ಸ್. ಅಂಗಡಿ, ಸೂಪರ್‌ಮಾರ್ಕೆಟ್ಟುಗಳಲ್ಲಿ ಮಾರಾಟವಾದ ಆ ಸರಣಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಂಪುಟಗಳು ಮುಂದುವರಿದ ಹಾಗೆ ಇಬ್ಬರ ದಾರಿ ಬೇರೆಯಾಗುವುದು ಕೇಳಿದರೇ ತಿಳಿಯುತ್ತದೆ. ಹಿಕ್ಸಿಯ ಮಿಕ್ಸ್‌ನಲ್ಲಿ ಹಾಡು, ಪಲ್ಲವಿ, ಎತ್ತರದ ಕಂಠ. ಶಾರ್ಕಿಯದರಲ್ಲಿ ಕಂಠ ಕಡಿಮೆಯಾಗುತ್ತ, ಟಿಬಿ-303ರ ಹೊರಳಾಟ ಮತ್ತೆ ಬರುತ್ತದೆ. ಟ್ರಾನ್ಸ್ ಸಂಗೀತದ ಏಣಿಯಂತೆ ಏರಿಳಿಯುವ ಸ್ವರಮಾಲೆಗಳು, ಕೆಲವೊಮ್ಮೆ ಗಾಬರಿ ಹುಟ್ಟಿಸುವಷ್ಟು ಕತ್ತಲ ಮಧ್ಯಭಾಗ, ಮತ್ತೆ ತಟಕ್ಕನೆ 170ರ ವೇಗಕ್ಕೆ ಜಿಗಿತ. ಟ್ರಾನ್ಸ್‌ಕೋರ್, ಆಸಿಡ್‌ಕೋರ್ ಮುಂತಾದ ಹೆಸರುಗಳು ಬಂದು ಹೋದವು. ಉಳಿದದ್ದು ಫ್ರೀಫಾರ್ಮ್. ಪಲ್ಲವಿ, ಚರಣ, ಪಲ್ಲವಿ ಎಂಬ ಕಟ್ಟಿಗೆ ಒಗ್ಗದ್ದು ಎಂಬ ಅರ್ಥದಲ್ಲಿ ಮುಕ್ತ. ಮುಕ್ತಛಂದದ ಹಾಗೆಯೇ ಈ ಮುಕ್ತಿಯೂ ಅರೆಬರೆ: ರಚನೆಯ ಒಳಗೆ ಏನು ಬೇಕಾದರೂ ಆಗಬಹುದು, ಆದರೆ ಎಂಟು, ಹದಿನಾರು, ಮೂವತ್ತೆರಡು ಆವರ್ತನೆಗಳ ಲೆಕ್ಕ ತಪ್ಪುವಂತಿಲ್ಲ. ತಪ್ಪಿದರೆ ಡಿಜೆ ಮುಂದಿನ ತಟ್ಟೆಯನ್ನು ಅದಕ್ಕೆ ಕೂಡಿಸಲಾರ.

ಈ ಟ್ರಾನ್ಸ್ ಏಣಿಗಳ ಒಂದು ತುದಿ ನಮ್ಮ ಕರಾವಳಿಯಲ್ಲಿದೆ. ಕಾರವಾರದಿಂದ ಹೊಳೆ ದಾಟಿದರೆ ಸಿಗುವ ಗೋವಾದ ಕಡಲತೀರಗಳಲ್ಲಿ 1980ರ ದಶಕದಿಂದ ಗೋವಾ ಗಿಲ್ ಮೊದಲಾದ ಪರದೇಶಿ ಡಿಜೆಗಳು ಬೆಳದಿಂಗಳ ರಾತ್ರಿಗಳಲ್ಲಿ ಹುಟ್ಟಿಸಿದ ಗೋವಾ ಟ್ರಾನ್ಸ್ 90ರ ದಶಕದ ನಡುವಿನಲ್ಲಿ ಲಂಡನ್ನಿನ ಲೇಬಲ್‌ಗಳ ಮೂಲಕ ಯುರೋಪಿನಲ್ಲೆಲ್ಲ ಹಬ್ಬಿತ್ತು. ಗೋವಾದ ಬಿಸಿಲಿಗೆ ವಿನೈಲ್ ತಟ್ಟೆ ಸೊಟ್ಟಗಾಗುತ್ತದೆಂದು ಅವರು ಡ್ಯಾಟ್ ಟೇಪುಗಳಲ್ಲಿ ನುಡಿಸುತ್ತಿದ್ದರು. ಟೇಪಿನಲ್ಲಿ ವೇಗ ಹೊಂದಿಸುವುದು ಕಷ್ಟ, ಹಾಗಾಗಿ ರಚನೆಗಳ ಮೊದಲು ಮತ್ತು ಕೊನೆಯಲ್ಲಿ ತಾಳವಿಲ್ಲದ ಉದ್ದನೆಯ ಆಲಾಪದಂಥ ಭಾಗ ಬೇಕಾಯಿತು. ಫ್ರೀಫಾರ್ಮ್‌ನವರು ಎರವಲು ಪಡೆದದ್ದು ಟ್ರಾನ್ಸ್‌ನ ಪದರ ಪದರದ ಹೆಣಿಗೆಯನ್ನು, ನಿಧಾನವನ್ನಲ್ಲ. 145ರ ಹೆಣಿಗೆಯನ್ನು 175ಕ್ಕೆ ಏರಿಸಿದರೆ ಎಳೆಗಳು ಕಾಣದೆ ಬಣ್ಣ ಮಾತ್ರ ಕಾಣುತ್ತದೆ. ಅಂದ ಹಾಗೆ ಗೋವಾದ ಆ ರಾತ್ರಿಗಳಿಗೂ ಕಾನೂನಿನ ಬಿಸಿ ತಟ್ಟಿತು: 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನ ಧ್ವನಿವರ್ಧಕವನ್ನು ನಿಷೇಧಿಸಿದವು. ನಮ್ಮ ನಿಯಮ ಬ್ರಿಟನ್ನಿನದಕ್ಕಿಂತ ನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಅದು ಗಡಿಯಾರ ನೋಡುತ್ತದೆ, ತಾಳದ ಜಾತಿ ಕೇಳುವುದಿಲ್ಲ.

ಫ್ರೀಫಾರ್ಮ್‌ನ ಮಟ್ಟಿಗೆ ಶಾರ್ಕಿಯ ನಂತರ ಹೇಳಬೇಕಾದ ಹೆಸರು ಕೆವಿನ್ ಎನರ್ಜಿ. ನ್ಯೂ ಎನರ್ಜಿ ಕಲೆಕ್ಟಿವ್ ಎಂಬ ಅವನ ಲೇಬಲ್ ಈ ಶೈಲಿಗೆ ಮನೆಯಾಯಿತು. ಮನೆ ಎಂದರೆ ಅರಮನೆಯಲ್ಲ. ಇಂಥ ಲೇಬಲ್‌ಗಳು ಒಂದು ತಟ್ಟೆಯನ್ನು ನೂರುಗಳ ಲೆಕ್ಕದಲ್ಲೋ ಒಂದೆರಡು ಸಾವಿರವೋ ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚುತ್ತಿದ್ದವು. ಮುಗಿದರೆ ಮುಗಿಯಿತು.

ಅಚ್ಚಿಗೆ ಮೊದಲಿನ ಹಂತವೇ ಇಲ್ಲಿ ಸ್ವಾರಸ್ಯ. ಹೊಸ ರಚನೆ ಮುಗಿದ ಕೂಡಲೇ ಅದನ್ನು ಡಬ್‌ಪ್ಲೇಟ್ ಮಾಡಿಸುತ್ತಿದ್ದರು. ಅಲ್ಯೂಮಿನಿಯಂ ತಗಡಿನ ಮೇಲೆ ಅರಗಿನಂಥ ಲೇಪ, ಅದರ ಮೇಲೆ ಯಂತ್ರ ನೇರವಾಗಿ ಗೆರೆ ಕೊರೆಯುತ್ತದೆ. ಒಂದೇ ಪ್ರತಿ. ಜಮೈಕಾದ ಸೌಂಡ್ ಸಿಸ್ಟಂಗಳಿಂದ ಬಂದ ಪದ್ಧತಿ ಇದು. ಪೈಪೋಟಿಯ ಗುಂಪಿನ ಬಳಿ ಇಲ್ಲದ ಹಾಡು ನನ್ನ ಬಳಿ ಇರಬೇಕು ಎಂಬ ಹಟದಿಂದ ಹುಟ್ಟಿದ್ದು. ಆ ಲೇಪ ಮೆತ್ತಗಿರುವುದರಿಂದ ಪ್ರತಿ ಸಲ ಸೂಜಿ ಹರಿದಾಗಲೂ ಸ್ವಲ್ಪ ಸವೆಯುತ್ತದೆ. ಕೆಲವು ಹತ್ತು ಸಲ ನುಡಿಸಿದರೆ ಎತ್ತರದ ಸ್ವರಗಳು ಮಾಸಿ ಕೊನೆಗೆ ಬರೀ ಸಿಳ್ಳು ಉಳಿಯುತ್ತದೆ. ಅಂದರೆ ಡಿಜೆ ಅದನ್ನು ಎಷ್ಟು ಪ್ರೀತಿಸುತ್ತಾನೋ ಅಷ್ಟು ಬೇಗ ಅದು ಸಾಯುತ್ತದೆ. ಜನ ಮೆಚ್ಚಿದರೆ ಅಚ್ಚಾಗುತ್ತದೆ. ಮೆಚ್ಚದಿದ್ದರೆ, ಅಥವಾ ಮೆಚ್ಚಿದರೂ ಹಣ ಇಲ್ಲದಿದ್ದರೆ, ಲೇಬಲ್ ಮುಚ್ಚಿದರೆ, ರಚನೆಕಾರನಿಗೆ ಬೇಸರವಾದರೆ, ಆ ತಗಡಿನೊಂದಿಗೇ ಮುಗಿಯುತ್ತದೆ.

ಮುಗಿಯದೇ ಇರುವುದು ಒಂದೇ ದಾರಿಯಲ್ಲಿ: ಅದನ್ನು ನುಡಿಸಿದ ರಾತ್ರಿಯನ್ನು ಯಾರಾದರೂ ಧ್ವನಿಮುದ್ರಿಸಿದ್ದರೆ. ಇಲ್ಲಿ ಟೇಪ್‌ಪ್ಯಾಕ್ ಎಂಬ ವಸ್ತುವಿನ ಬಗ್ಗೆ ಹೇಳಬೇಕು. ಡ್ರೀಮ್‌ಸ್ಕೇಪ್, ಹೆಲ್ಟರ್ ಸ್ಕೆಲ್ಟರ್ ಮೊದಲಾದ ಪರವಾನಗಿಯ ರೇವ್‌ಗಳನ್ನು ನಡೆಸುವವರು ಇಡೀ ರಾತ್ರಿಯನ್ನು ಮುದ್ರಿಸಿ, ಆರೋ ಎಂಟೋ ಕ್ಯಾಸೆಟ್ಟುಗಳನ್ನು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದರು. ಟಿಕೆಟ್ಟಿಗೆ ಹಣವಿಲ್ಲದ, ಹೋಗಲು ವಯಸ್ಸಾಗದ ಸಣ್ಣ ಪಟ್ಟಣಗಳ ಮಕ್ಕಳು ಅವುಗಳ ಪ್ರತಿಯ ಪ್ರತಿಯನ್ನು ಶಾಲೆಯಲ್ಲಿ ಹಂಚಿಕೊಂಡರು. ಅವುಗಳಲ್ಲಿ ಹಾಡಿನ ಮೇಲೆ ಎಂಸಿಯ ಕೂಗು, ಜನರ ಸಿಳ್ಳೆ, ಏರ್‌ಹಾರ್ನ್ ಎಲ್ಲ ಸೇರಿರುತ್ತದೆ. ಶುದ್ಧ ಸಂಗೀತ ಬೇಕೆನ್ನುವವನಿಗೆ ಇದು ಕಸ. ಚರಿತ್ರೆಕಾರನಿಗೆ, ಅಂಚಿನಲ್ಲಿ ಓದುಗರು ಟಿಪ್ಪಣಿ ಗೀಚಿದ ಹಸ್ತಪ್ರತಿ ಸಿಕ್ಕ ಹಾಗೆ. ಯಾವ ರಚನೆಗೆ ಜನ ಕೂಗಿದರು, ಯಾವುದಕ್ಕೆ ಸುಮ್ಮನಾದರು ಎಂಬುದು ಟೇಪಿನಲ್ಲಿ ಇದೆ, ತಟ್ಟೆಯಲ್ಲಿ ಇಲ್ಲ.

ಮಿಕ್ಸ್ ಎನ್ನುವುದರ ಕೈಚಳಕವನ್ನೂ ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಕುವುದರಲ್ಲಿ ಏನು ಮಹಾ ಎಂಬ ಪ್ರಶ್ನೆ ಉಳಿಯುತ್ತದೆ. ಡಿಜೆಯ ಮುಂದೆ ಎರಡು ಟೆಕ್ನಿಕ್ಸ್ ಎಸ್‌ಎಲ್-1200 ತಟ್ಟೆಯಂತ್ರಗಳು. ಅವುಗಳ ವೇಗವನ್ನು ಶೇಕಡಾ 8ರಷ್ಟು ಹೆಚ್ಚು ಕಡಿಮೆ ಮಾಡಬಹುದು. ನಿಮಿಷಕ್ಕೆ 170 ಬಡಿತದ ತಟ್ಟೆಯನ್ನು ಹೀಗೆ 156ರಿಂದ 183ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದು ಕಿವಿಯಲ್ಲಿ ಹೆಡ್‌ಫೋನ್, ಅದರಲ್ಲಿ ಮುಂದಿನ ತಟ್ಟೆ. ಇನ್ನೊಂದು ಕಿವಿಯಲ್ಲಿ ಜನ ಕೇಳುತ್ತಿರುವ ತಟ್ಟೆ. ಎರಡರ ಬಡಿತ ಒಂದಾಗುವ ತನಕ ಬೆರಳಿನಿಂದ ತಳ್ಳುವುದು, ತಡೆಯುವುದು. 170ರಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ಸುಮಾರು ಮೂರನೇ ಒಂದು ಸೆಕೆಂಡಿನ ಅಂತರ. ಅದರಲ್ಲಿ ಹತ್ತನೇ ಒಂದು ಪಾಲು ತಪ್ಪಿದರೂ ಎರಡು ಗುದ್ದುಗಳು ಬೇರೆ ಬೇರೆ ಬಿದ್ದು ಕುದುರೆ ಓಡಿದ ಸದ್ದಾಗುತ್ತದೆ. ಹದಿನಾರು ಆವರ್ತನೆಗಳು ಇಪ್ಪತ್ತಮೂರು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಮುಗಿದುಹೋಗುತ್ತವೆ. ಅಷ್ಟರೊಳಗೆ ಒಂದನ್ನು ಇಳಿಸಿ ಒಂದನ್ನು ಏರಿಸಬೇಕು. ಹೌಸ್ ಸಂಗೀತದ ಡಿಜೆಗೆ ಇರುವ ಪುರುಸೊತ್ತು ಇವನಿಗಿಲ್ಲ. ಒಳ್ಳೆಯ ಫ್ರೀಫಾರ್ಮ್ ಮಿಕ್ಸ್‌ನಲ್ಲಿ ಒಂದು ರಚನೆಯ ಕತ್ತಲ ಮಧ್ಯಭಾಗದ ಅಡಿಯಿಂದ ಇನ್ನೊಂದರ ಆಸಿಡ್ ಎಳೆ ಮೆಲ್ಲಗೆ ಏಳುತ್ತದೆ, ಕೆಲವು ಕ್ಷಣ ಮೂರನೆಯದೇ ಒಂದು ರಚನೆ ಕೇಳುತ್ತದೆ. ಅದು ಎರಡೂ ತಟ್ಟೆಗಳಲ್ಲಿ ಇಲ್ಲ.

2000ದ ದಶಕದಲ್ಲಿ ಈ ಲೋಕದ ಆರ್ಥಿಕತೆ ಕುಸಿಯಿತು. ಎಂಪಿ3 ಬಂತು, ತಟ್ಟೆ ಅಂಗಡಿಗಳು ಮುಚ್ಚಿದವು, ಹಂಚಿಕೆದಾರ ಕಂಪನಿಗಳು ದಿವಾಳಿಯಾದವು. ಬ್ರಿಟನ್ನಿನ ಹಾರ್ಡ್‌ಕೋರ್‌ನ ಮುಖ್ಯ ಪ್ರವಾಹ ಪಾಪ್ ಹಾಡುಗಳ ವೇಗದ ರೂಪಗಳ ಕಡೆ ಹೊರಳಿತು. ಫ್ರೀಫಾರ್ಮ್‌ಗೆ ದೊಡ್ಡ ವೇದಿಕೆಗಳಲ್ಲಿ ಜಾಗ ಕಡಿಮೆಯಾಯಿತು. ಎರಡನೇ ಕೋಣೆ, ಮೂರನೇ ಕೋಣೆ, ಬೆಳಗಿನ ಜಾವದ ಕೊನೆಯ ಗಂಟೆ. ಡ್ರೀಮ್‌ಸ್ಕೇಪ್, ಹೆಲ್ಟರ್ ಸ್ಕೆಲ್ಟರ್‌ಗಳು ನಡೆಯುತ್ತಿದ್ದ ಮಿಲ್ಟನ್ ಕೀನ್ಸ್‌ನ ಸ್ಯಾಂಕ್ಚುಯರಿ ಸಭಾಂಗಣವನ್ನು 2004ರಲ್ಲಿ ಮುಚ್ಚಿ ಕೆಡವಿದರು. ಅಲ್ಲಿ ಈಗ ಐಕಿಯಾ ಇದೆ.

ಆಶ್ಚರ್ಯವೆಂದರೆ ಅದೇ ಹೊತ್ತಿಗೆ ಫ್ರೀಫಾರ್ಮ್ ಫಿನ್‌ಲ್ಯಾಂಡಿನಲ್ಲಿ ಚಿಗುರಿತು. ರೇವ್ ಚರಿತ್ರೆಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರದ, ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಹುಟ್ಟದ ಆ ನಾಡಿನಲ್ಲಿ ಕಾರ್ಬನ್ ಬೇಸ್ಡ್, ಪ್ರೋಟಿಯಸ್, ಆಲೆಕ್ ಸಾಹಾಲಾ ಮೊದಲಾದವರು ಫಿನ್‌ರ್ಗ್ ಎಂಬ ಹೆಸರಿನಡಿ ಬರೆದ ರಚನೆಗಳು ಬ್ರಿಟಿಷ್ ಮೂಲದವಕ್ಕಿಂತ ತಣ್ಣಗಿವೆ, ಚೂಪಾಗಿವೆ, ಸ್ವರಗಳ ಓಟದಲ್ಲಿ ಒಂದು ಬಗೆಯ ದುಃಖವಿದೆ. ಫಿನ್ನಿಷ್ ಜನರ ದುಃಖಪ್ರೀತಿಯ ಬಗ್ಗೆ ಸಿದ್ಧ ಮಾತುಗಳನ್ನಾಡುವುದು ನನಗೆ ಇಷ್ಟವಿಲ್ಲ, ಆದರೂ ಬಾಂಕರ್ಸ್‌ನ ಹಳೆಯ ಮಿಕ್ಸ್ ಒಂದನ್ನೂ ಫಿನ್ನರ ಮಿಕ್ಸ್ ಒಂದನ್ನೂ ಒಂದರ ಹಿಂದೊಂದು ಕೇಳಿದವರು ವ್ಯತ್ಯಾಸವನ್ನು ಅಲ್ಲಗಳೆಯಲಾರರು. ಜಪಾನಿನಲ್ಲೂ ಇದು ಬೇರೂರಿತು. ಅಲ್ಲಿ ದಾರಿ ಬೇರೆ: ಕೊನಾಮಿ ಕಂಪನಿಯ ಬೀಟ್‌ಮೇನಿಯಾ 1997ರಲ್ಲಿ ಆಟದ ಅಂಗಡಿಗಳಿಗೆ ಬಂದ ಮೇಲೆ, ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವ ಇಂಥ ಆಟಗಳಿಗೆ ವೇಗದ, ತಿರುವುಗಳಿರುವ ರಚನೆಗಳು ಬೇಕಾದವು. ಪಲ್ಲವಿ ಇಲ್ಲದ, ಪ್ರತಿ ಹದಿನಾರು ಆವರ್ತನೆಗೆ ರೂಪ ಬದಲಿಸುವ ಸಂಗೀತ ಆಟಕ್ಕೆ ಹೇಳಿ ಮಾಡಿಸಿದಂತಿತ್ತು. ಬಯಲಲ್ಲಿ ಕುಣಿಯಲು ಹುಟ್ಟಿದ್ದು ಹೀಗೆ ಬೆರಳುಗಳಿಗೆ ಇಳಿಯಿತು. ಸ್ವತಂತ್ರ ರಚನೆಕಾರರು ತಾವೇ ಮಾಡಿದ ಸಿಡಿಗಳನ್ನು ಮೇಜಿನ ಮೇಲಿಟ್ಟು ಮಾರುವ ಟೋಕಿಯೋದ ಸಂತೆಗಳಲ್ಲಿ ಹಾರ್ಡ್‌ಕೋರ್ ಇಂದಿಗೂ ಸಿಗುತ್ತದೆ.

ಇವತ್ತಿನ ಹೊಸ ಫ್ರೀಫಾರ್ಮ್ ರಚನೆ ತಗಡಿನ ಮೇಲೆ ಕೊರೆಸಿಕೊಳ್ಳುವುದಿಲ್ಲ. ರಚನೆಕಾರ ರಾತ್ರಿ ಮುಗಿಸಿದ ಕಡತ ಬೆಳಿಗ್ಗೆ ಮೂರು ಖಂಡಗಳಲ್ಲಿರುವ ಐದಾರು ಡಿಜೆಗಳ ಕೈಗೆ ಸಿಗುತ್ತದೆ. ವಾರದೊಳಗೆ ಅವರ ಮಿಕ್ಸ್‌ಗಳಲ್ಲಿ ಕೇಳುತ್ತದೆ. ಸವೆಯುವ ಭಯವಿಲ್ಲ. ಆದರೆ ಹಳೆಯ ರೂಢಿ ಹೋಗಿಲ್ಲ. ಮಿಕ್ಸ್‌ನ ಜೊತೆ ಕೊಡುವ ಪಟ್ಟಿಯಲ್ಲಿ ಎಷ್ಟೋ ಸಾಲುಗಳಲ್ಲಿ ರಚನೆಕಾರನ ಹೆಸರಿರುತ್ತದೆ, ರಚನೆಯ ಹೆಸರಿನ ಜಾಗದಲ್ಲಿ ಇನ್ನೂ ಹೆಸರಿಟ್ಟಿಲ್ಲ ಎಂದಿರುತ್ತದೆ. ಕಡತಗಳೂ ಸಾಯುತ್ತವೆ: ಹಾರ್ಡ್ ಡಿಸ್ಕ್ ಕೆಡುತ್ತದೆ, ರಚನೆಕಾರ ಮದುವೆಯಾಗಿ ಊರು ಬಿಡುತ್ತಾನೆ, ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಆಗಲೂ ಉಳಿಯುವುದು ಮಿಕ್ಸ್‌ನೊಳಗಿನ ಎರಡು ಮೂರು ನಿಮಿಷ, ಹಿಂದಿನ ರಚನೆಯ ಬಾಲ ಮತ್ತು ಮುಂದಿನದರ ತಲೆಯ ನಡುವೆ ಸಿಕ್ಕಿಕೊಂಡದ್ದು.

ಸಂಗ್ರಾಹಕರು ಹಳೆಯ ಟೇಪ್‌ಪ್ಯಾಕ್‌ಗಳನ್ನು ಈಗ ಗಣಕಕ್ಕೆ ಇಳಿಸುತ್ತಿದ್ದಾರೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಎಂಸಿ ಯಾವುದೋ ಊರಿನ ಹೆಸರು ಹಿಡಿದು ಕೂಗುತ್ತಿರುತ್ತಾನೆ, ಅಡಿಯಲ್ಲಿ ಎಲ್ಲೂ ಅಚ್ಚಾಗದ ಒಂದು ರಚನೆ ತನ್ನ ಏಣಿ ಹತ್ತುತ್ತಿರುತ್ತದೆ, ಟೇಪು ಟಕ್ ಎಂದು ನಿಲ್ಲುತ್ತದೆ. ಮಗುಚಿ ಹಾಕಿದರೆ ಬೇರೆ ಹಾಡು ನಡೆಯುತ್ತಿದೆ.